ಸಿಂಧನೂರಿನಲ್ಲಿ ಭತ್ತ ಏಕೆ?

ಬಿಎ ಭೂಗೋಳದ ಪ್ರಾಕ್ಟಿಕಲ್ ಪರೀಕ್ಷೆಯ ವೈವಾದಲ್ಲಿ ನಾನು ತಪ್ಪದೇ ಕೇಳುವ ಪ್ರಶ್ನೆಯೊಂದಿದೆ. ‘ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಭತ್ತ ಏಕೆ ಬೆಳೆಯುತ್ತಾರೆ?’ ಹೆಚ್ಚಿನವರು ಥಟ್ಟನೆ ಹೇಳುತ್ತಾರೆ, ‘ಕಪ್ಪು ಮಣ್ಣು ಇರುವುದರಿಂದ ಸರ್.’ ಸ್ವಲ್ಪ ಓದಿಕೊಂಡವರು, ‘ಅಣೆಕಟ್ಟು ಇರುವುದರಿಂದ’ ಎನ್ನುತ್ತಾರೆ. ಈ ‘ಇರುವುದರಿಂದ’ ಇದೆಯಲ್ಲ, ನಮ್ಮ ವಿಷಯಕ್ಕೆ ಅಂಟಿಕೊಂಡ ರೋಗ ಅದು. ಮೊದಲ ಸೆಮಿಸ್ಟರ್‌ನಲ್ಲಿ ಪ್ರಾಕೃತಿಕ ಭೂಗೋಳ, ಮುಂದೆ ಮಾನವ ಭೂಗೋಳ. ಎರಡು ಪೇಪರು, ಎರಡು ನೋಟ್‌ಬುಕ್. ಅವೆರಡನ್ನೂ ಜೋಡಿಸೋಕೆ ಹುಡುಗರ ಕೈಯಲ್ಲಿರುವುದು ಈ ಒಂದೇ ಪದ.

ಮೊದಲು ಮಣ್ಣಿನ ಉತ್ತರವನ್ನೇ ನೋಡೋಣ. ಕಪ್ಪು ಮಣ್ಣು ಅಲ್ಲಿ ಅಣೆಕಟ್ಟಿಗಿಂತ ಸಾವಿರಾರು ವರ್ಷ ಮೊದಲೇ ಇತ್ತು. ಆಗ ಭತ್ತ ಇರಲಿಲ್ಲ. ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಹಿಂಗಾರಿ ಜೋಳ, ಹತ್ತಿ, ಕಡಲೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಸೆಪ್ಟೆಂಬರ್ ಮಳೆಯ ತೇವವನ್ನು ಎರೆ ಮಣ್ಣು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ಹನಿ ಬೀಳದಿದ್ದರೂ ಜೋಳ ಆ ತೇವದಲ್ಲೇ ಬೆಳೆಯುತ್ತದೆ. ಅಂದರೆ ಈ ಮಣ್ಣು ಹೇಳಿ ಮಾಡಿಸಿದಂತಿರುವುದು ಜೋಳಕ್ಕೆ.

ಇನ್ನೊಂದು ತಪ್ಪೂ ಇಲ್ಲೇ ಸಿಗುತ್ತದೆ. ಕಪ್ಪು ಮಣ್ಣು ಎಂದರೆ ಬಸಾಲ್ಟ್ ಶಿಲೆ ಸವೆದು ಆದದ್ದು ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ವಿಜಯಪುರ, ಕಲಬುರಗಿ ಕಡೆಗೆ ಅದು ಸರಿ. ಆದರೆ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಗ್ನೈಸ್ ಶಿಲೆಯ ಮೇಲೂ ಕಪ್ಪು ಮಣ್ಣಿದೆ. ಒಣ ಹವೆ, ಸಮತಟ್ಟು ನೆಲ, ನೀರು ಬೇಗ ಹರಿದುಹೋಗದ ತಗ್ಗು ಸೇರಿದರೆ ಶಿಲೆ ಬೇರೆಯಾದರೂ ಅಂಥ ಮಣ್ಣಾಗುತ್ತದೆ. ಗಂಗಾವತಿಯ ಬಂಡೆಗುಡ್ಡ ದಾಟಿ ಕಾರಟಗಿ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದಲೇ ಕಾಣುತ್ತದೆ, ಬಂಡೆ ಕಡಿಮೆಯಾಗುತ್ತಾ ಕೆಂಪು ಮಣ್ಣಿನ ಮಸಾರಿ ಹೊಲ ಹೋಗಿ ಎರಿ ಬರುವುದು.

ಹಾಗಾದರೆ ಅಣೆಕಟ್ಟಿನ ಉತ್ತರ? ಅದೂ ಅರ್ಧ ಸರಿ. ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಿದ್ದು 1953ರಲ್ಲಿ. ಆದರೆ ಸಿಂಧನೂರಿಗೆ ನೀರು ತರುವ ಎಡದಂಡೆ ಕಾಲುವೆಯನ್ನು ಯೋಜಿಸಿದವರ ತಲೆಯಲ್ಲಿ ಭತ್ತ ಇರಲೇ ಇಲ್ಲ. ಬರದ ಸೀಮೆ, ಸ್ವಲ್ಪ ಸ್ವಲ್ಪ ನೀರನ್ನು ಜಾಸ್ತಿ ಜಮೀನಿಗೆ ಹಂಚಬೇಕು, ಜೋಳ, ಹತ್ತಿ, ಶೇಂಗಾ ಒಣಗದಂತೆ ಕಾಯಬೇಕು. ಅದು ಲೆಕ್ಕ. ಕಾಲುವೆಯ ಅಳತೆಯೂ ಆ ಲೆಕ್ಕದ್ದೇ.

ಭತ್ತ ತಂದದ್ದು ಜನ. ಕರಾವಳಿ ಆಂಧ್ರದಲ್ಲಿ ಕಾಲುವೆ ಬೇಸಾಯ ಗೊತ್ತಿದ್ದ ರೈತರು ಅಲ್ಲಿ ಸ್ವಲ್ಪ ಜಮೀನು ಮಾರಿ, ಇಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಹೆಚ್ಚು ಜಮೀನು ಕೊಂಡು ಬಂದರು. ಊರಾಚೆ, ಹೊಲದ ಹತ್ತಿರವೇ ನೆಲೆ ನಿಂತರು. ಆ ನೆಲೆಗಳೇ ಇವತ್ತಿನ ‘ಕ್ಯಾಂಪು’ಗಳು. ಸರ್ವೆ ಆಫ್ ಇಂಡಿಯಾದ ಟೊಪೊಶೀಟ್ (ಊರು, ಹಳ್ಳ, ಕಾಲುವೆ ಎಲ್ಲ ತೋರಿಸುವ ವಿವರವಾದ ನಕ್ಷೆ) ಹರಡಿ ಕಾಲುವೆಯ ಗುಂಟ ಬೆರಳಿಟ್ಟು ಹೋಗಿ, ಹೆಸರಿನ ಕೊನೆಗೆ ಕ್ಯಾಂಪ್ ಎಂದಿರುವ ಊರು ಎಷ್ಟು ಸಿಗುತ್ತವೆ ನೋಡಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಸಿಂಧನೂರು ತಾಲ್ಲೂಕಿನಲ್ಲಿವೆ. ವಲಸೆ ಎಂಬ ಪಾಠವನ್ನು ಬೇರೆ ದೇಶದ ಉದಾಹರಣೆ ಕೊಟ್ಟು ಮಾಡುವ ಅಗತ್ಯ ನನಗಂತೂ ಕಂಡಿಲ್ಲ.

ಭತ್ತ ಬಂದ ಮೇಲೆ ಅಕ್ಕಿ ಗಿರಣಿ ಬಂತು. ಗಿರಣಿ ಜೊತೆ ಸಾಲ ಕೊಡುವವರು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು ಬಂದವು. ಒಮ್ಮೆ ಇಷ್ಟೆಲ್ಲ ನಿಂತ ಮೇಲೆ ರೈತನಿಗೆ ಜೋಳಕ್ಕೆ ಮರಳು ಎಂದರೆ ಹೇಗೆ ಮರಳುತ್ತಾನೆ? ಪೇಟೆಯೊಂದು ಸುತ್ತಲಿನ ಹಳ್ಳಿಗಳಿಗೆ ಹೇಗೆ ಕೇಂದ್ರವಾಗುತ್ತದೆ ಎನ್ನುವ ಕೇಂದ್ರ ಸ್ಥಳ ಸಿದ್ಧಾಂತವನ್ನು ಭೂಗೋಳ ತಜ್ಞ ಕ್ರಿಸ್ಟಾಲರ್ 1933ರಲ್ಲಿ ದಕ್ಷಿಣ ಜರ್ಮನಿಯ ಪೇಟೆಗಳನ್ನು ನೋಡಿ ಬರೆದರು. ಪೇಟೆಯ ವ್ಯಾಪ್ತಿ ತೋರಿಸುವ ಅವರ ಷಡ್ಭುಜಗಳನ್ನು ಹುಡುಗರು ರೆಕಾರ್ಡ್ ಬುಕ್ಕಿನಲ್ಲಿ ಚೆಂದವಾಗಿ ಬಿಡಿಸುತ್ತಾರೆ. ಸಿಂಧನೂರಿಗೆ ಯಾವ ಯಾವ ಹಳ್ಳಿಯವರು ಯಾವ ಕೆಲಸಕ್ಕೆ ಬರುತ್ತಾರೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ದಿನ ಕೂತು ಕೇಳಿ ಎಂದರೆ ಮಾತ್ರ ಮುಖ ಸಪ್ಪಗಾಗುತ್ತದೆ.

ಈಗ ಮತ್ತೆ ಮಣ್ಣಿಗೆ ಬರೋಣ. ಕಥೆ ನಿಜವಾಗಿ ಬಿಗಿಯಾಗುವುದು ಇಲ್ಲಿಂದ. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಉಬ್ಬಿದ ಮೇಲೆ ನೀರು ಕೆಳಗಿಳಿಯುವುದು ಬಹಳ ನಿಧಾನ. ತಿಂಗಳುಗಟ್ಟಲೆ ಗದ್ದೆಯಲ್ಲಿ ನೀರು ನಿಲ್ಲಿಸಿದಾಗ, ಬಸಿದುಹೋಗಲು ದಾರಿಯಿಲ್ಲದೆ ತಳದ ನೀರು ಮೇಲೇರುತ್ತದೆ. ಜೊತೆಗೆ ಉಪ್ಪನ್ನೂ ತರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಇದೇ ಸವಳು. ಜೋಳಕ್ಕೆ ವರವಾಗಿದ್ದ ಮಣ್ಣಿನ ಅದೇ ಗುಣ ಭತ್ತದ ಕೈಯಲ್ಲಿ ಕಂಟಕವಾಯಿತು. ಮಣ್ಣು ಬದಲಾಗಿರಲಿಲ್ಲ, ಅದರ ಮೇಲೆ ನಾವು ಮಾಡಿದ್ದು ಬದಲಾಯಿತು. ಈ ಒಂದು ಪ್ಯಾರಾದಲ್ಲಿ ಯಾವುದು ಪ್ರಾಕೃತಿಕ, ಯಾವುದು ಮಾನವ ಎಂದು ಗೆರೆ ಎಳೆಯಿರಿ ನೋಡೋಣ.

ಕಾಲುವೆಯ ಇನ್ನೊಂದು ತುದಿಯಲ್ಲಿ ತೊಂದರೆ ಉಲ್ಟಾ. ಎಡದಂಡೆ ಮುಖ್ಯ ಕಾಲುವೆ ಇನ್ನೂರು ಕಿಲೋಮೀಟರಿಗಿಂತ ಉದ್ದ. ಮೇಲ್ಭಾಗದವರು ಭತ್ತಕ್ಕೆ ನೀರು ಕಟ್ಟಿದರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ. ಅಲ್ಲೊಬ್ಬರು ರೈತರು ನಮ್ಮ ಹುಡುಗರಿಗೆ ಹೇಳಿದ್ದರು, ‘ನೀರಿಗೂ ಮ್ಯಾಲಿನವರ ಹೊಲ ದಾಟಿ ಬರೂ ಮನಸ್ಸಿಲ್ರೀ.’ ನೀರು ಇಳಿಜಾರಿಗೆ ಹರಿಯುತ್ತದೆ ಎಂದು ನಾವು ಕಲಿಸುತ್ತೇವೆ. ಇಳಿಜಾರು ಸರಿಯಾಗಿಯೇ ಇದೆ. ನೀರು ತಡೆಯುವುದು ತೂಬಿನ ಹತ್ತಿರ, ಪಂಪ್‌ಸೆಟ್ಟಿನ ಹತ್ತಿರ, ಕೆಲವೊಮ್ಮೆ ರಾಜಕೀಯದ ಹತ್ತಿರ.

ನೀರು ಬರುವುದಾದರೂ ಎಲ್ಲಿಂದ? ತುಂಗೆ, ಭದ್ರೆ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಸೇರುವುದು ಶಿವಮೊಗ್ಗ ಹತ್ತಿರದ ಕೂಡಲಿಯಲ್ಲಿ. ಮಲೆನಾಡಿನ ಮಳೆ ಕುಡಿದು ಬೆಳೆದ ಭತ್ತ ಇದು. ಮಳೆಯ ಜೊತೆ ಮೇಲಿನ ಮಣ್ಣೂ ಬರುತ್ತದೆ. ಅಣೆಕಟ್ಟು ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹೂಳು ತುಂಬಿ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಡಿದು ನೀರು ಹೊಳೆಗೆ ಹೋದಾಗ ಇಡೀ ರಾಜ್ಯ ಬೆಚ್ಚಿತು. ಹೂಳಿಗೆ ಹಾಗೆ ಯಾರೂ ಬೆಚ್ಚಲಿಲ್ಲ, ಅದು ಸದ್ದು ಮಾಡುವುದಿಲ್ಲ ಅಲ್ವಾ.

ನಾನೂ ಇದನ್ನು ಮೊದಲೇ ತಿಳಿದು ಬಂದವನಲ್ಲ. ಮೊದಲ ವರ್ಷ ಹುಡುಗರನ್ನು ಕಾಲುವೆಗೆ ಕರೆದೊಯ್ದಾಗ ನಲವತ್ತು ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದೆ. ಹನ್ನೆರಡನೇ ಪ್ರಶ್ನೆಗೆ ರೈತರು ‘ಊಟಕ್ಕೆ ಹೊತ್ತಾತು’ ಎಂದು ಎದ್ದರು. ಉಳಿದ ಇಪ್ಪತ್ತೆಂಟನ್ನು ಹುಡುಗರು ಹಾಸ್ಟೆಲಿನಲ್ಲಿ ಕೂತು ತಾವೇ ತುಂಬಿದರು. ಟೇಬಲ್ಲು, ಪೈ ಚಾರ್ಟು ಎಲ್ಲಾ ಬಲು ಅಚ್ಚುಕಟ್ಟಾಗಿದ್ದವು. ಅಷ್ಟು ಅಚ್ಚುಕಟ್ಟಾಗಿದ್ದಕ್ಕೇ ಸಿಕ್ಕಿಬಿದ್ದರು.

ಈಗ ನಾಲ್ಕೇ ಪ್ರಶ್ನೆ. ಈ ಹೊಲದಲ್ಲಿ ಮೊದಲು ಏನು ಬೆಳೆಯುತ್ತಿತ್ತು? ಯಾವಾಗ ಬಿಟ್ಟಿರಿ? ನೀರು ಎಷ್ಟು ದಿನಕ್ಕೊಮ್ಮೆ? ಭತ್ತ ಯಾರಿಗೆ ಮಾರುತ್ತೀರಿ? ಜೊತೆಗೆ 1:50,000 ಅಳತೆಯ ಟೊಪೊಶೀಟ್ ಒಂದು. ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹಾಳೆಯಲ್ಲಿ ಇರುವುದು ನೆಲದಲ್ಲಿ ಇಲ್ಲದಿದ್ದರೆ, ನೆಲದಲ್ಲಿ ಇರುವುದು ಹಾಳೆಯಲ್ಲಿ ಇಲ್ಲದಿದ್ದರೆ ಬರೆದುಕೊಳ್ಳಿ ಎನ್ನುತ್ತೇನೆ. ಉಪಗ್ರಹ ಚಿತ್ರ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕ್ಯೂಜಿಐಎಸ್ ಎಲ್ಲಾ ಆಮೇಲೆ. ಕೆಲಸ ಸಿಗುವುದು ಅದರಿಂದಲೇ ಎಂಬುದು ನಿಜ, ಕಲಿಯಲೇಬೇಕು. ಆದರೆ ಚಿತ್ರದಲ್ಲಿ ಕಾಣುವ ಹಸಿರು ಭತ್ತವೋ ಜಾಲಿಯೋ ಎಂದು ಕಂಪ್ಯೂಟರಿಗೆ ಮೊದಲು ಹೇಳಿಕೊಡಬೇಕಾದವನು ಹೊಲ ನೋಡಿರಬೇಕು.

ಕೊನೆ ಭಾಗದ ಹಳ್ಳಿಯ ಹುಡುಗಿಯೊಬ್ಬಳು ತನ್ನ ನಕ್ಷೆಯಲ್ಲಿ ಉಪಕಾಲುವೆಯನ್ನು ನೀಲಿಯಲ್ಲಿ ಎಳೆದು, ತನ್ನೂರಿಗೆ ಎರಡು ಮೈಲಿ ಇರುವಾಗ ಕಪ್ಪು ಮಾಡಿದ್ದಳು. ಟೊಪೊಶೀಟಿನಲ್ಲಿ ನೀರಿಲ್ಲದ ಹಳ್ಳಕ್ಕೆ ಕಪ್ಪು ಗೆರೆ. ಕಾಲುವೆಗೂ ಹಾಗೆ ಮಾಡಬಹುದಾ ಎಂದು ಕೇಳಿದಳು. ಯಾವ ತಿಂಗಳ ನಕ್ಷೆ ಎಂದು ಬರೆದರೆ ಮಾಡಬಹುದು ಎಂದೆ. ಅವಳು ಹನ್ನೆರಡು ತಿಂಗಳಿಗೆ ಹನ್ನೆರಡು ನಕ್ಷೆ ಬಿಡಿಸಿಕೊಂಡು ಬಂದಳು.

ಪ್ರಾಜೆಕ್ಟಿಗೆ ಆ ಕಡೆ ಹೋಗುವವರು ಕಾಲುವೆಯಲ್ಲಿ ನೀರಿರುವಾಗ ಒಮ್ಮೆ, ಬೇಸಿಗೆಯಲ್ಲಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ ಹೋಗಿ. ತಳದ ಹೂಳು, ಒಡೆದ ಲೈನಿಂಗ್, ಯಾರೋ ರಾತ್ರಿ ಹಾಕಿದ ಪೈಪು ಕಾಣುವುದು ಎರಡನೇ ಸಲ.