ಶ್ರುತಿ ಕದಡದ ರಿವರ್ಬ್: ಮನೆಯಲ್ಲಿ ಧ್ವನಿಮುದ್ರಿಸುವವರಿಗೆ ಅಧ್ಯಯನ ಟಿಪ್ಪಣಿ

ಕಳೆದ ವರ್ಷ ಮನೆಯಲ್ಲೇ ವೀಣೆಯ ಒಂದು ಆಲಾಪನೆಯನ್ನು ಧ್ವನಿಮುದ್ರಿಸಿ, ಧ್ವನಿಗೆ ಸಭಾಂಗಣದ ಗುಂಗು ಸೇರಿಸುವ, ಹೊಸದಾಗಿ ಕೊಂಡ ರಿವರ್ಬ್ ಪೆಡಲ್ ಮೂಲಕ ಹಾಯಿಸಿ ನನ್ನ ಗುರುಗಳಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದ ಮೇಲೆ ಅವರ ಬಾಯಿಂದ ಬಂದದ್ದು ಒಂದೇ ಪ್ರಶ್ನೆ: “ತಂಬೂರಿ ಸರಿಯಾಗಿ ಸೇರಿಸಿಕೊಂಡಿರಲಿಲ್ಲವೇನಮ್ಮ?” ತಂಬೂರಿ ಸೇರಿತ್ತು, ವೀಣೆಯೂ ಸೇರಿತ್ತು. ರಿವರ್ಬ್ ಇಲ್ಲದ ಮೂಲವನ್ನು ಹಾಕಿದಾಗ ಅವರ ಹುಬ್ಬು ಸಡಿಲವಾಯಿತು. ಶ್ರುತಿಯನ್ನು ಕದಡಿದ್ದು ನಾನು ಆಸೆಪಟ್ಟು ತಂದ ಆ ಪುಟ್ಟ ಪೆಟ್ಟಿಗೆ. ಹೀಗೇಕಾಯಿತು ಎಂದು ಓದುತ್ತ, ಕೇಳುತ್ತ ಹೋದಾಗ ಬರೆದುಕೊಂಡ ಟಿಪ್ಪಣಿಗಳಿವು. ಮನೆಯ ಮೂಲೆಯಲ್ಲಿ ಒಂದು ಮೈಕ್ ಇಟ್ಟುಕೊಂಡು ಹಾಡುವ, ನುಡಿಸುವ ಜೊತೆಯ ಕಲಿಗರಿಗೆ ಇವು ಒದಗಲಿ.

ಕೋಣೆಯಿಂದ ಆರಂಭ

ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಬಿಡಿಬಿಡಿಯಾಗಿ, ಎಣಿಸಬಹುದಾದಂತೆ ಮರಳಿ ಬರುತ್ತದೆ. ಅದು ಪ್ರತಿಧ್ವನಿ. ಹಳೆಯ ಕಲ್ಲಿನ ದೇವಸ್ಥಾನದ ನವರಂಗದಲ್ಲಿ ನಿಂತು ಷಡ್ಜ ಹಿಡಿದು ನಿಲ್ಲಿಸಿದರೆ, ಸ್ವರ ತುಂಡಾಗದೆ ತೆಳುವಾಗುತ್ತ ಕರಗುತ್ತದೆ. ಅಲ್ಲಿಯೂ ಮರಳುವುದು ಪ್ರತಿಫಲನಗಳೇ. ಆದರೆ ಅವು ಸಾವಿರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಬರುವುದರಿಂದ ಕಿವಿಗೆ ಬಿಡಿಯಾಗಿ ಸಿಗುವುದಿಲ್ಲ. ಇದು ಅನುರಣನ, ಅಂದರೆ ರಿವರ್ಬ್. ಸ್ವರ ನಿಂತ ಮೇಲೂ ಎಳೆದುಕೊಂಡು ಹೋಗುವ ಈ ನಾದವನ್ನು ಮುಂದೆ ‘ಬಾಲ’ ಎಂದು ಕರೆಯುತ್ತೇನೆ.

ಬಾಲದ ಉದ್ದವನ್ನು ಅಳೆಯಲು ಕಲಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಕ್ಲೆಮೆಂಟ್ ಸಬೈನ್. ಅಲ್ಲಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ; ಒಮ್ಮೆ ಆಡಿದ ಪದ ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. 1895ರಿಂದ ಸಬೈನ್ ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆಯೊಂದನ್ನು ಊದಿಸಿ ನಿಲ್ಲಿಸಿ, ನಾದ ಅಡಗುವವರೆಗಿನ ಕಾಲವನ್ನು ಅಳೆದರು. ನಾದ 60 ಡೆಸಿಬೆಲ್ ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಾಗಲು ಹಿಡಿಯುವ ಸಮಯವೇ ಇಂದಿಗೂ ಅನುರಣನ ಕಾಲದ ಅಳತೆ. ಯಾವ ರಿವರ್ಬ್ ಯಂತ್ರದಲ್ಲಾದರೂ ‘ಡಿಕೇ’ ಎಂಬ ಗುಂಡಿ ತಿರುಗಿಸುವುದು ಇದನ್ನೇ.

ಸಬೈನ್ ಸೂತ್ರ ನಮ್ಮ ಮನೆಗೂ ಸಲ್ಲುತ್ತದೆ. ಕೋಣೆಯ ಗಾತ್ರವನ್ನು ಘನ ಮೀಟರುಗಳಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಅಲ್ಲಿನ ವಸ್ತುಗಳ ಒಟ್ಟು ಹೀರುವಿಕೆಯಿಂದ (ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ ಮೊತ್ತದಿಂದ) ಭಾಗಿಸಬೇಕು. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಗಾತ್ರ 36. ಗಾರೆಯ ಗೋಡೆ, ನುಣುಪು ನೆಲ, ಸಾಮಾನೇನೂ ಇಲ್ಲ ಎಂದರೆ ಹೀರುವಿಕೆ 2ರ ಸುಮಾರಿಗೆ ನಿಲ್ಲುತ್ತದೆ. ಬಾಲ ಮೂರು ಸೆಕೆಂಡಿನ ಹತ್ತಿರ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ತೆರೆದ ಬೀರು ಸೇರಿ ಹೀರುವಿಕೆ 12ಕ್ಕೆ ಏರಿದರೆ ಬಾಲ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಯಂತ್ರ ಕೊಳ್ಳುವ ಮೊದಲು ಈ ಕೆಲಸ ಮಾಡಲೇಬೇಕು ಎನ್ನುತ್ತೇನೆ. ಮೈಕಿಗೆ ಒಮ್ಮೆ ಹೊಕ್ಕ ಖಾಲಿ ಕೋಣೆಯ ಸದ್ದನ್ನು ಯಾವ ರಿವರ್ಬ್ ಯಂತ್ರವೂ ತೊಳೆಯಲಾರದು. ಅದರ ಮೇಲೆ ಇನ್ನೊಂದು ಸಭಾಂಗಣವನ್ನು ಹೇರುತ್ತದೆ, ಅಷ್ಟೆ.

ಯಂತ್ರಗಳ ಕುಲ

ಸ್ಟುಡಿಯೊಗಳು ಮೊದಲು ನಿಜವಾದ ಕೋಣೆಗಳನ್ನೇ ಬಳಸಿದವು: ಖಾಲಿ ಕೋಣೆಯಲ್ಲಿ ಒಂದು ಸ್ಪೀಕರ್, ಒಂದು ಮೈಕ್. 1957ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆ ತಂದ 140 ಮಾದರಿಯಲ್ಲಿ ತೂಗಿಬಿಟ್ಟ ತೆಳುವಾದ ದೊಡ್ಡ ಉಕ್ಕಿನ ತಗಡೊಂದು ಕಂಪಿಸುತ್ತ ಕೋಣೆಯ ಕೆಲಸ ಮಾಡುತ್ತಿತ್ತು. ಪೆಟ್ಟಿಗೆಯ ತೂಕ ಕಾಲು ಟನ್ನಿಗೂ ಹೆಚ್ಚು. ಇಂದಿನ ಯಂತ್ರಗಳಲ್ಲಿ ‘ಪ್ಲೇಟ್’ ಎಂದಿರುವುದು ಇದರ ಅನುಕರಣೆ. ಗಿಟಾರ್ ಆಂಪ್ಲಿಫೈಯರುಗಳ ಸ್ಪ್ರಿಂಗ್ ರಿವರ್ಬ್ ಇನ್ನೊಂದು ಬಗೆ. ಮೃದಂಗದ ಚಾಪು ಬಿದ್ದರೆ ಅದು ‘ಬೊಯ್ಂಗ್’ ಎನ್ನುತ್ತದೆ. ನಮ್ಮ ಸಂಗೀತಕ್ಕೆ ಬೇಡ.

ಡಿಜಿಟಲ್ ರಿವರ್ಬಿನ ಗಣಿತಕ್ಕೆ ಅಡಿಪಾಯ ಹಾಕಿದವರು ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್, 1960ರ ದಶಕದ ಆರಂಭದಲ್ಲಿ. 1976ರಲ್ಲಿ ಇಎಂಟಿ 250, 1978ರಲ್ಲಿ ಲೆಕ್ಸಿಕಾನ್ 224 ಎಂಬ ಡಿಜಿಟಲ್ ರಿವರ್ಬ್ ಯಂತ್ರಗಳು ಬಂದವು. 1999ರಲ್ಲಿ ಸೋನಿಯ ಯಂತ್ರವೊಂದು ಬೇರೆ ದಾರಿ ತುಳಿಯಿತು: ನಿಜವಾದ ಸಭಾಂಗಣದ ಪ್ರತಿಸ್ಪಂದನವನ್ನು ದಾಖಲಿಸಿಕೊಂಡು ಅದನ್ನೇ ನಮ್ಮ ಧ್ವನಿಗೆ ಅಚ್ಚೊತ್ತುವುದು. ಇದಕ್ಕೆ ಕನ್ವಲ್ಯೂಷನ್ ಎಂದು ಹೆಸರು. ಹೀಗೆ ಇಂದು ನಮ್ಮ ಮುಂದಿರುವುದು ಎರಡು ಮನೆತನ: ಲೆಕ್ಕ ಹಾಕಿ ಕಟ್ಟಿದ ರಿವರ್ಬ್, ಅಚ್ಚು ತೆಗೆದ ರಿವರ್ಬ್.

ಶ್ರುತಿ ಅಲುಗುವುದೇಕೆ

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಲೆಕ್ಕದ ರಿವರ್ಬ್ ಒಳಗೆ ಇರುವುದು ಧ್ವನಿಯನ್ನು ತುಸು ತಡೆದು ಬಿಡುವ ಒಂದಿಷ್ಟು ವಿಳಂಬದ ದಾರಿಗಳು; ಅವನ್ನು ಕೊಳವೆಗಳೆಂದು ಕಲ್ಪಿಸಿಕೊಳ್ಳಿ. ಧ್ವನಿ ಒಂದರಿಂದ ಹೊರಬಂದು ಸ್ವಲ್ಪ ಕ್ಷೀಣಿಸಿ ಮತ್ತೆ ಒಳಹೋಗುತ್ತದೆ. ಹೀಗೆ ಸುತ್ತುವ ಪ್ರತಿಯೊಂದು ಕೊಳವೆಗೂ ತನ್ನದೇ ಕೆಲವು ಆವರ್ತಾಂಕಗಳ ಮೇಲೆ ಮೋಹ. ಅವು ಮಾತ್ರ ಉಳಿದು ಬಾಲದ ಕೊನೆಯಲ್ಲಿ ತಟ್ಟೆ ಬಡಿದಂತೆ ಲೋಹದ ಸದ್ದಾಗುತ್ತದೆ. ಇದನ್ನು ಮರೆಸಲು ತಂತ್ರಜ್ಞರು ಕೊಳವೆಗಳ ಉದ್ದವನ್ನು ನಿಧಾನವಾಗಿ ಹಿಗ್ಗಿಸಿ ಕುಗ್ಗಿಸುತ್ತಾರೆ. ಇದೇ ‘ಮಾಡ್ಯುಲೇಷನ್’. ಲೋಹದ ಸದ್ದು ಮಾಯವಾಗುತ್ತದೆ, ಬಾಲ ರೇಷ್ಮೆಯಂತಾಗುತ್ತದೆ. ಆದರೆ ದಾರಿ ಹಿಗ್ಗಿ ಕುಗ್ಗಿದಾಗ ಸ್ವರವೂ ಏರಿಳಿಯುತ್ತದೆ. ದಾಟಿಹೋಗುವ ರೈಲಿನ ಸೀಟಿ ಇಳಿದಂತೆ ಕೇಳುವುದೂ ಇದೇ ಕಾರಣಕ್ಕೆ.

ವಾದ್ಯವೃಂದದಲ್ಲಿ ಹತ್ತಾರು ಪಿಟೀಲುಗಳು ಒಟ್ಟಿಗೆ ಮೊಳಗುವಾಗ ಈ ಏರಿಳಿತ ಸಂಪತ್ತಾಗಿ ಕೇಳುತ್ತದೆ. ತಂಬೂರಿಯ ಮೇಲೆ ನಿಂತ ಸಂಗೀತದಲ್ಲಿ ಹಾಗಲ್ಲ. ತಾರ ಷಡ್ಜ 330 ಹರ್ಟ್ಸ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಬಾಲ ಅರ್ಧ ಸ್ವರದ ಇಪ್ಪತ್ತನೇ ಒಂದು ಭಾಗದಷ್ಟು ಸರಿದರೂ ಅದು ಸುಮಾರು ಒಂದು ಹರ್ಟ್ಸ್ ವ್ಯತ್ಯಾಸ; ತಂಬೂರಿಯೊಂದಿಗೆ ಸೆಕೆಂಡಿಗೊಂದು ಅಲೆ ಏಳುತ್ತದೆ. ನನ್ನ ಗುರುಗಳ ಕಿವಿ ಹಿಡಿದದ್ದು ಆ ಅಲೆಯನ್ನೇ. ವರ್ಷಾನುಗಟ್ಟಲೆ ಕಂಪಿತ, ಜಾರು ಗಮಕಗಳ ಅಂಚನ್ನು ತಿದ್ದಿಕೊಂಡು ಬಂದವರು ಆ ಅಂಚನ್ನು ಯಂತ್ರಕ್ಕೆ ಒಪ್ಪಿಸಬಾರದು.

ಆದ್ದರಿಂದ ನನ್ನ ಒರೆಗಲ್ಲು ಇದೊಂದೇ: ಮಾಡ್ಯುಲೇಷನ್ ಸೊನ್ನೆಗೆ ಇಳಿಸಿದಾಗಲೂ ಬಾಲ ನಯವಾಗಿ ಉಳಿಯುತ್ತದೆಯೇ? ಒಳಗಿನ ಲೆಕ್ಕ ಸಮೃದ್ಧವಾಗಿದ್ದರೆ ಉಳಿಯುತ್ತದೆ. ಬಡವಾಗಿದ್ದರೆ ಮಾಡ್ಯುಲೇಷನ್ ಎಂಬ ಮುಸುಕು ತೆಗೆದ ತಕ್ಷಣ ಲೋಹದ ಸದ್ದು ಹೊರಬೀಳುತ್ತದೆ. ಕೆಲವು ಅಗ್ಗದ ಪೆಡಲುಗಳಲ್ಲಿ ಮಾಡ್ಯುಲೇಷನ್ ಇಳಿಸುವ ಗುಂಡಿಯೇ ಇರುವುದಿಲ್ಲ. ಅಂಥವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಚ್ಚು ತೆಗೆದ ರಿವರ್ಬ್ ಸ್ಥಿರವಾದದ್ದು, ಶ್ರುತಿಯನ್ನು ಮುಟ್ಟುವುದಿಲ್ಲ. ವೀಣೆ, ಕೊಳಲು, ಗಾಯನಕ್ಕೆ ನಾನು ಮೊದಲು ಕೈಚಾಚುವುದು ಅದಕ್ಕೇ.

ಕೊಳ್ಳುವ ಮುನ್ನ ಕೇಳುವ ಬಗೆ

ಮೊಬೈಲಿನಲ್ಲಿ ತಂಬೂರಿಯ ನಾದ, ನಿಮ್ಮದೇ ಧ್ವನಿಯ ರಿವರ್ಬ್ ಇಲ್ಲದ ಒಂದು ಮುದ್ರಿಕೆ, ಒಂದು ಚಪ್ಪಾಳೆ, ಇಷ್ಟನ್ನು ಅಂಗಡಿಗೆ ಒಯ್ಯಿರಿ. ಯಂತ್ರವನ್ನು ಪೂರ್ತಿ ‘ವೆಟ್’ ಮಾಡಿ, ಅಂದರೆ ಮೂಲ ಧ್ವನಿ ಕೇಳದಂತೆ ಮಾಡಿ, ಮೊದಲು ತಂಬೂರಿ ಹಾಯಿಸಿ ನಿಲ್ಲಿಸಿ. ಕೊನೆಯ ಉಸಿರಿನವರೆಗೂ ಕೇಳಿ. ನಂತರ ಚಪ್ಪಾಳೆ: ಒಳ್ಳೆಯ ಯಂತ್ರದಲ್ಲಿ ಅದು ಮಳೆಯಂತೆ ಹರಡುತ್ತದೆ, ಕೆಟ್ಟದ್ದರಲ್ಲಿ ‘ಟರ್ರ್’ ಎಂದು ಬಿಡಿಬಿಡಿಯಾಗಿ ಉದುರುತ್ತದೆ. ಸೆಕೆಂಡಿಗೆ ಕನಿಷ್ಠ ಸಾವಿರ ಪ್ರತಿಫಲನ ಬೇಕೆಂದು ಶ್ರೋಡರ್ ಹೇಳಿದ್ದರು. ಚಪ್ಪಾಳೆಯಂಥ ಚುರುಕು ಸದ್ದಿಗೆ ಅದೂ ಸಾಲದು.

ಕೊನೆಗೆ ಸಾಹಿತ್ಯ. ಕನ್ನಡದ ಒತ್ತಕ್ಷರಗಳು ಇಲ್ಲಿ ಅತ್ಯುತ್ತಮ ಪರೀಕ್ಷಕರು. ‘ಕ್ಷ’, ‘ತ್ತ’, ‘ಚ್ಚ’ ಇರುವ ಸಾಲೊಂದನ್ನು ಮಧ್ಯಮಕಾಲದಲ್ಲಿ ಹಾಡಿದ್ದನ್ನು ಹಾಯಿಸಿ. ಸೆಕೆಂಡಿಗೆ ಐದಾರು ಅಕ್ಷರ ಸಾಗುವಾಗ ಎರಡು ಸೆಕೆಂಡಿನ ಬಾಲದಲ್ಲಿ ಹತ್ತಕ್ಕೂ ಹೆಚ್ಚು ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ‘ಸ’, ‘ಶ’ಗಳು ಬುಸುಗುಟ್ಟಿದರೆ ಬಾಲದ ತಾರ ಭಾಗವನ್ನು ಇಳಿಸುವ ‘ಡ್ಯಾಂಪಿಂಗ್’ ಹೆಚ್ಚಿಸಿ. ಗಾಳಿ, ಬಟ್ಟೆ, ಜನರು ಎತ್ತರದ ನಾದವನ್ನು ಬೇಗ ಹೀರುವುದರಿಂದ ನಿಜವಾದ ಸಭಾಂಗಣದಲ್ಲೂ ಬಾಲ ಮಂದವಾಗುತ್ತ ಹೋಗುತ್ತದೆ. ಅಕ್ಷರ ಮಸುಕಾದರೆ ‘ಪ್ರೀ-ಡಿಲೇ’, ಅಂದರೆ ಮೂಲ ಧ್ವನಿಗೂ ಬಾಲದ ಆರಂಭಕ್ಕೂ ನಡುವಿನ ಬಿಡುವನ್ನು, ಸ್ವಲ್ಪ ಏರಿಸಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ 20 ಮಿಲಿಸೆಕೆಂಡ್ ಎಂದರೆ ಸುಮಾರು ಏಳು ಮೀಟರ್ ಹೆಚ್ಚಿನ ದಾರಿ. ವ್ಯಂಜನ ಮೊದಲು ಕಿವಿಗೆ ಮುಟ್ಟಿ, ಆಮೇಲೆ ಸಭಾಂಗಣ ಉತ್ತರಿಸುತ್ತದೆ.

ಪೆಟ್ಟಿಗೆಯೇ ಬೇಕೇ?

ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸುವವರಿಗೆ ಬೇಡ. ಉಚಿತವಾಗಿ ಸಿಗುವ ಡ್ರ್ಯಾಗನ್‌ಫ್ಲೈ ಪ್ಲಗಿನ್ (ಧ್ವನಿಮುದ್ರಣದ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಕಲಿಯಲು ಧಾರಾಳ ಸಾಕು. 2007ರಲ್ಲಿ ಬಂದ ಬ್ರಿಕಾಸ್ಟಿ ಎಂ7ನಂಥ ದುಬಾರಿ ಯಂತ್ರಗಳ ಸೂಕ್ಷ್ಮವನ್ನು ಕೇಳಲು ಬೇಕಾದ ಸ್ಪೀಕರ್, ಹದಗೊಂಡ ಕೋಣೆ ನಮ್ಮಲ್ಲಿ ಬಹುಮಂದಿಗಿಲ್ಲ. ಆ ಹಣ ಮೈಕಿಗೆ, ಪರದೆಗೆ ಹೋಗಲಿ. ಕಂಪ್ಯೂಟರ್ ಇಲ್ಲದೆ ಅಭ್ಯಾಸ ಮಾಡುವವರಿಗೆ, ಸಣ್ಣ ಕಛೇರಿ ಕೊಡುವವರಿಗೆ ಪೆಟ್ಟಿಗೆ ನಿಜಕ್ಕೂ ಬೇಕು. ಆಗ ಇದನ್ನು ನೋಡಿ: ಅದು ಲೈನ್ ಮಟ್ಟದ, ಅಂದರೆ ಮಿಕ್ಸರಿನಿಂದ ಬರುವ ಬಲವಾದ ಧ್ವನಿಯನ್ನು ತಾಳಿಕೊಳ್ಳುತ್ತದೆಯೇ? ಗಿಟಾರಿಗಾಗಿ ಮಾಡಿದ ಪೆಡಲಿಗೆ ಮಿಕ್ಸರಿನಿಂದ ಕೊಟ್ಟರೆ ಹಲವು ಬಾರಿ ಧ್ವನಿ ಒಡೆಯುತ್ತದೆ. ಮೂಲ ಧ್ವನಿಯನ್ನು ಪೂರ್ತಿ ಮುಚ್ಚಲು ಬರುತ್ತದೆಯೇ? ಬಾರದಿದ್ದರೆ, ಧ್ವನಿಯ ಒಂದು ಪ್ರತಿಯನ್ನು ಯಂತ್ರಕ್ಕೆ ಕಳಿಸಿ ಬಾಲವನ್ನಷ್ಟೇ ಮರಳಿ ಪಡೆಯುವ, ಮಿಕ್ಸರಿನ ಸೆಂಡ್-ರಿಟರ್ನ್‌ನಲ್ಲಿ ಬಳಸುವುದು ಕಷ್ಟ. ಹಳೆಯ ರ‍್ಯಾಕ್ ಯಂತ್ರ ಕೊಳ್ಳುವಾಗ ನಾವು ಇಟ್ಟ ಹೊಂದಿಕೆಗಳನ್ನು ನೆನಪಿಡುವ ಬ್ಯಾಟರಿ ಸತ್ತಿದೆಯೇ ಎಂದು, ಒಮ್ಮೆ ಆರಿಸಿ ಹಚ್ಚಿ ನೋಡಿ.

ನನ್ನ ವೀಣೆಗೆ ಈಗ ಇಟ್ಟಿರುವುದು ಹೀಗೆ: ಡಿಕೇ 1.6 ಸೆಕೆಂಡ್, ಪ್ರೀ-ಡಿಲೇ 25 ಮಿಲಿಸೆಕೆಂಡ್, ಮಾಡ್ಯುಲೇಷನ್ ಸೊನ್ನೆ. ತಂಬೂರಿಗೆ ರಿವರ್ಬ್ ಹಾಕುವುದಿಲ್ಲ.