ಸರ್ವರ್ ಹೆಚ್ಚಿಸುವುದು ಸುಲಭ, ಕಾಯುವುದು ಕಷ್ಟ

"ಕ್ಲೌಡ್‌ಗೆ ಹಾಕಿದರಾಯಿತು, ಎಷ್ಟು ಜನ ಬಂದರೂ ಅದೇ ನೋಡಿಕೊಳ್ಳುತ್ತದೆ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸುಮ್ಮನಿರಲು ಆಗುವುದಿಲ್ಲ. ಕ್ಲೌಡ್ ತಾನಾಗಿ ಏನನ್ನೂ ನೋಡಿಕೊಳ್ಳುವುದಿಲ್ಲ, ನೋಡಿಕೊಳ್ಳುವುದು ಒಂದು ಪುಟ್ಟ ಲೆಕ್ಕ. ಯಾವುದೇ ಆಟೋಸ್ಕೇಲಿಂಗ್ ಲೈಬ್ರರಿಯನ್ನು, ಅಂದರೆ ಬೇಡಿಕೆಗೆ ತಕ್ಕಂತೆ ಸರ್ವರ್‌ಗಳ ಸಂಖ್ಯೆಯನ್ನು ತಾನೇ ಏರಿಸಿ ಇಳಿಸುವ ತಂತ್ರಾಂಶವನ್ನು, ಬಿಚ್ಚಿ ನೋಡಿ: ಅಳೆ, ಗುರಿಯ ಜೊತೆ ಹೋಲಿಸು, ಸರ್ವರ್ ಸೇರಿಸು ಇಲ್ಲವೇ ತೆಗೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆ. ಜಾಣತನವೆಲ್ಲ ಅಡಗಿರುವುದು ಆ "ಸ್ವಲ್ಪ ಹೊತ್ತಿ"ನಲ್ಲಿ.

ಹಲವು ಸರ್ವರ್‌ಗಳಲ್ಲಿ ಪ್ರೋಗ್ರಾಂಗಳನ್ನು ನಡೆಸಿ ನಿಭಾಯಿಸುವ ತಂತ್ರಾಂಶ ಕುಬರ್ನೆಟೀಸ್ ಬಳಸುವ ಸೂತ್ರ ಶಾಲೆಯ ತ್ರೈರಾಶಿಯಷ್ಟೇ ಸರಳ. ಈಗಿರುವ ಸಂಖ್ಯೆಯನ್ನು ಈಗಿನ ಅಳತೆಯಿಂದ ಗುಣಿಸಿ, ಗುರಿಯಿಂದ ಭಾಗಿಸಿ, ಭಿನ್ನರಾಶಿ ಬಂದರೆ ಮುಂದಿನ ಪೂರ್ಣಾಂಕ ಹಿಡಿಯಬೇಕು. 4 ಸರ್ವರ್‌ಗಳ ಸಿಪಿಯು (ಲೆಕ್ಕ ಮಾಡುವ ಚಿಪ್) ಬಳಕೆ ಸರಾಸರಿ ಶೇ. 90, ಗುರಿ ಶೇ. 60 ಎಂದಿಟ್ಟುಕೊಳ್ಳಿ. 4×90÷60, ಅಂದರೆ 6. ಇನ್ನೆರಡು ಬೇಕು.

ಆದರೆ ಆ ಎರಡು ಎದ್ದು ಕೆಲಸಕ್ಕಿಳಿಯಲು ಎರಡು ನಿಮಿಷ ಹಿಡಿಯುತ್ತದೆ, ಲೆಕ್ಕವೋ 15 ಸೆಕೆಂಡಿಗೊಮ್ಮೆ ನಡೆಯುತ್ತದೆ. ಎರಡನೇ ಸಲ ನೋಡಿದಾಗಲೂ ಅಳತೆ 90ರಲ್ಲೇ ಇದೆ. ಸರಿ, 6×90÷60, 9 ತರಿಸು. ಮೂರನೇ ಸಲ 14. ಬೇಕಿದ್ದದ್ದು 6, ಅರ್ಧ ನಿಮಿಷದೊಳಗೆ ಕೇಳಿದ್ದು 14! ಎಲ್ಲವೂ ಎದ್ದ ಮೇಲೆ ಸಿಪಿಯು ಶೇ. 26ಕ್ಕೆ ಕುಸಿಯುತ್ತದೆ, ಲೆಕ್ಕ ಗಾಬರಿಯಿಂದ ಕಿತ್ತುಹಾಕಲು ಶುರುಮಾಡುತ್ತದೆ. ನಾನು ಮೊದಲ ಸಲ ಕೈಯಾರೆ ಬರೆದ ಸ್ಕೇಲಿಂಗ್ ಪ್ರೋಗ್ರಾಂ ಹೀಗೇ ಕುಣಿದಿತ್ತು. ಅದರ ಗ್ರಾಫ್ ಗರಗಸದ ಹಲ್ಲಿನಂತಿತ್ತು.

ಸ್ನಾನದ ನಲ್ಲಿಯಲ್ಲಿ ಬಿಸಿನೀರು ತಡವಾಗಿ ಬಂದಾಗ ನಾವು ಮಾಡುವುದೂ ಇದನ್ನೇ. ತಣ್ಣಗಿದೆ ಎಂದು ತಿರುಗಿಸುತ್ತೇವೆ, ಇನ್ನೂ ತಣ್ಣಗಿದೆ ಎಂದು ಮತ್ತೆ ತಿರುಗಿಸುತ್ತೇವೆ, ಕೊನೆಗೆ ಮೈ ಸುಡುತ್ತದೆ. ದೊಡ್ಡ ಹಡಗಿನ ಚುಕ್ಕಾಣಿಯೂ ಹಾಗೆಯೇ. ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಮೂತಿ ತಿರುಗುತ್ತದೆ, ಹೊಸಬ ಅಷ್ಟರಲ್ಲಿ ಇನ್ನೆರಡು ಸುತ್ತು ತಿರುಗಿಸಿರುತ್ತಾನೆ.

ಹಡಗಿನ ಮಾತು ಸುಮ್ಮನೆ ಬಂದದ್ದಲ್ಲ. ಗ್ರೀಕ್‌ನಲ್ಲಿ ಕುಬರ್ನೆಟೀಸ್ ಎಂದರೆ ಚುಕ್ಕಾಣಿ ಹಿಡಿದವನು. ಅದೇ ಪದ ಲ್ಯಾಟಿನ್ ದಾಟಿ ಇಂಗ್ಲಿಷಿನ 'ಗವರ್ನರ್' ಆಯಿತು. 1788ರಲ್ಲಿ ಜೇಮ್ಸ್ ವಾಟ್ ಉಗಿಯಂತ್ರಕ್ಕೆ ಜೋಡಿಸಿದ, ಎರಡು ಗುಂಡುಗಳು ಗಿರಗಿರ ಸುತ್ತುವ ವೇಗನಿಯಂತ್ರಕದ ಹೆಸರೂ ಗವರ್ನರ್. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಹಾರಿ ಉಗಿಯನ್ನು ಕಡಿಮೆ ಮಾಡುತ್ತಿದ್ದವು. ಕೆಲವು ಯಂತ್ರಗಳು ಮಾತ್ರ ಒಮ್ಮೆ ಜೋರು, ಒಮ್ಮೆ ನಿಧಾನ ಎಂದು ತೂಗಾಡುತ್ತಲೇ ಇರುತ್ತಿದ್ದವು. ತೂಗಾಟ ಯಾವಾಗ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು 1868ರಲ್ಲಿ ಗಣಿತದಿಂದ ಬಿಡಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ವಿದ್ಯುತ್ಕಾಂತ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್! ನನ್ನ ಗರಗಸದ ಗ್ರಾಫಿಗೂ ಆ ಉಗಿಯಂತ್ರಕ್ಕೂ ಇದ್ದದ್ದು ಒಂದೇ ಕಾಯಿಲೆ ಎಂದು ತಿಳಿದ ದಿನ ನನಗಾದ ಖುಷಿ ಇನ್ನೂ ಮಾಸಿಲ್ಲ.

ಮದ್ದು ಏನು? ಇನ್ನೂ ಸಿದ್ಧವಾಗದ ಸರ್ವರ್‌ಗಳ ಬಳಕೆ ಸೊನ್ನೆ ಎಂದೇ ಹಿಡಿದು ಸರಾಸರಿ ತೆಗೆಯುವುದು ಒಂದು ಉಪಾಯ. ನಾಲ್ಕರ ಒಟ್ಟು 4×90, ಅಂದರೆ 360ನ್ನು ಆರಕ್ಕೆ ಹಂಚಿ: ಸರಿಯಾಗಿ 60. ಲೆಕ್ಕ ಆರಲ್ಲೇ ನಿಲ್ಲುತ್ತದೆ. ಇಳಿಸುವಾಗಲಂತೂ ಕುಬರ್ನೆಟೀಸ್ ಹಿಂದಿನ 5 ನಿಮಿಷಗಳಲ್ಲಿ ಬಂದ ಉತ್ತರಗಳಲ್ಲಿ ದೊಡ್ಡದನ್ನೇ ನಂಬುತ್ತದೆ. ಗುರಿಯಿಂದ ಶೇ. 10ರೊಳಗಿನ ಏರುಪೇರಿಗೆ ತಲೆಯನ್ನೇ ಕೆಡಿಸಿಕೊಳ್ಳುವುದಿಲ್ಲ.

ಗುರಿ 60 ಯಾಕೆ, 95 ಇಟ್ಟರೆ ದುಡ್ಡು ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲಿ ಆರಂಭಿಸಿದ ಸರದಿ ಸಾಲಿನ ಗಣಿತದಲ್ಲಿ ಉತ್ತರವಿದೆ. ಕೋರಿಕೆಗಳು ಲಂಗುಲಗಾಮಿಲ್ಲದೆ ಬರುವಾಗ, ಒಂದೇ ಸರ್ವರ್ ಅರ್ಧ ತುಂಬಿದ್ದರೆ ಪ್ರತಿ ಕೆಲಸಕ್ಕೆ, ಕಾಯುವುದೂ ಸೇರಿ, ಸರ್ವರ್ ಖಾಲಿ ಇದ್ದಾಗಿನ ಸರಾಸರಿ ಎರಡು ಪಟ್ಟು ಸಮಯ ಹಿಡಿಯುತ್ತದೆ. ಶೇ. 90 ತುಂಬಿದರೆ ಹತ್ತು ಪಟ್ಟು, 95ಕ್ಕೆ ಇಪ್ಪತ್ತು ಪಟ್ಟು. ಅಲ್ಲಿಯವರೆಗೆ ಕಾದು ಹೊಸ ಸರ್ವರ್ ಎಬ್ಬಿಸುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಇಷ್ಟಾದರೂ ಲೈಬ್ರರಿ ನೋಡುವುದು ನಾವು ತೋರಿಸಿದ ಒಂದು ಅಂಕಿಯನ್ನು ಮಾತ್ರ. ಪ್ರತಿ ಸರ್ವರ್ ಡೇಟಾಬೇಸಿಗೆ 20 ಸಂಪರ್ಕ ತೆರೆಯುತ್ತದೆ ಎನ್ನಿ. ನಾಲ್ಕಕ್ಕೆ 80, ಆರಕ್ಕೆ 120. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ನಾವಾಗಿ ಬದಲಿಸದಿದ್ದರೆ ಮಿತಿ 100. ನಮ್ಮ ಸರಿಯಾದ ಉತ್ತರವೇ ಇಲ್ಲಿ ಅನಾಹುತ! ಕೋರಿಕೆಗಳು ಸಂಪರ್ಕಕ್ಕಾಗಿ ಕಾಯುತ್ತವೆ, ಕಾಯುವವರು ಸಿಪಿಯು ಬಳಸುವುದಿಲ್ಲ, ಅಳತೆ ಇಳಿಯುತ್ತದೆ. ಬಳಕೆದಾರರು ಖಾಲಿ ಪರದೆ ನೋಡುತ್ತಿರುವಾಗ ಲೈಬ್ರರಿ "ಎಲ್ಲ ಶಾಂತವಾಗಿದೆ" ಎಂದುಕೊಂಡು ಸರ್ವರ್ ಕಡಿಮೆ ಮಾಡಲು ಹೊರಡುತ್ತದೆ. ಹಾಗಾಗಿ ಸಿಪಿಯು ಜೊತೆಗೆ ಉತ್ತರ ಬರಲು ಹಿಡಿಯುವ ಸಮಯವನ್ನೂ ಅಳೆಯಿರಿ. ಗರಿಷ್ಠ ಸಂಖ್ಯೆ 6 ಎಂದು ಕಟ್ಟಿ, ಪ್ರತಿ ಸರ್ವರ್‌ನ ಸಂಪರ್ಕಗಳನ್ನು 16ಕ್ಕೆ ಇಳಿಸಿ. ಒಟ್ಟು 96, ಡೇಟಾಬೇಸ್ ಉಸಿರಾಡುತ್ತದೆ.