ಎರಡು ಕ್ಲಬ್‌ಗಳಿಂದ ಒಟ್ಟಿಗೆ ಕರೆ ಬಂದರೆ ಕೋಚ್ ಏನೇನು ನೋಡುತ್ತಾರೆ?

ಓದುಗರ ಪ್ರಶ್ನೆ: ಒಬ್ಬ ಫುಟ್‌ಬಾಲ್ ಕೋಚ್‌ಗೆ ಒಂದೇ ಸಮಯದಲ್ಲಿ ಎರಡು ಮೂರು ದೊಡ್ಡ ಕ್ಲಬ್‌ಗಳು ಗಾಳ ಹಾಕಿದರೆ ಜಾಸ್ತಿ ದುಡ್ಡು ಕೊಡುವ ಕಡೆ ಹೋಗುವುದೇ ತಾನೇ? ಕೆಲವರು ಎಲ್ಲವನ್ನೂ ಬಿಟ್ಟು ಇದ್ದಲ್ಲೇ ಇರುವುದು ಯಾಕೆ?

ದುಡ್ಡು ಲೆಕ್ಕಕ್ಕೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಎರಡೂ ದೊಡ್ಡ ಕ್ಲಬ್‌ಗಳೇ ಆಗಿದ್ದರೆ ಸಂಬಳ ಎರಡೂ ಕಡೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಉಳಿಯುವುದು ಒಂದೇ ವಿಷಯ: ಅಲ್ಲಿ ಯಾರ ಮಾತು ನಡೆಯುತ್ತದೆ? ನನ್ನ ಪ್ರಕಾರ ಬುದ್ಧಿವಂತ ಕೋಚ್ ತಂಡವನ್ನು ಆರಿಸುವುದಿಲ್ಲ, ತನ್ನ ಮೇಲೆ ಕೂರುವವರನ್ನು ಆರಿಸುತ್ತಾರೆ.

ಈಗಿನ ಕ್ಲಬ್‌ಗಳಲ್ಲಿ ತರಬೇತಿ ಕೊಡುವುದು, ಹನ್ನೊಂದು ಜನರನ್ನು ಆಡಿಸುವುದು ಕೋಚ್ ಕೆಲಸ. ಆಟಗಾರರನ್ನು ಕೊಳ್ಳುವುದು ಮಾರುವುದು ಹೆಚ್ಚಾಗಿ ಸ್ಪೋರ್ಟಿಂಗ್ ಡೈರೆಕ್ಟರ್ ಕೈಯಲ್ಲಿ. ಇವರಿಬ್ಬರಿಗೂ ಹೊಂದಾಣಿಕೆ ಇಲ್ಲ ಅಂದರೆ ಮುಗಿಯಿತು. ಕೋಚ್‌ಗೆ ಬೇಕಿರುವುದು ಓಡಾಡುವ ಮಿಡ್‌ಫೀಲ್ಡರ್, ಬರುವುದು ಇನ್ಯಾರೋ, ಸೋತಾಗ ಕೆಲಸ ಹೋಗುವುದು ಮಾತ್ರ ಕೋಚ್‌ದೇ. ಅದಕ್ಕೇ ಮಾತುಕತೆಯಲ್ಲಿ ಮೊದಲು ಬರುವ ಪ್ರಶ್ನೆಗಳು ಇವು: ಆಟಗಾರರನ್ನು ಯಾರು ಆರಿಸುತ್ತಾರೆ, ನನಗೆ ಬೇಡ ಅನ್ನುವ ಹಕ್ಕು ಇದೆಯಾ, ನನ್ನನ್ನು ಕರೆಯುತ್ತಿರುವ ಈ ಮನುಷ್ಯ ಮುಂದಿನ ವರ್ಷವೂ ಇಲ್ಲೇ ಇರುತ್ತಾರಾ?

ಬಾಯಿಮಾತು ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಅರ್ಜೆಂಟೀನಾದ ಕೋಚ್ ಮಾರ್ಸೆಲೊ ಬಿಯೆಲ್ಸಾ ಕಥೆ ಸಾಕು. 2016ರ ಜುಲೈನಲ್ಲಿ ಇಟಲಿಯ ಲಾಜಿಯೊ ಕ್ಲಬ್ ಅವರನ್ನು ಕೋಚ್ ಅಂತ ಘೋಷಿಸಿತು. ಎರಡೇ ದಿನಕ್ಕೆ ಅವರು ಕೈಯೆತ್ತಿಬಿಟ್ಟರು. ಕನಿಷ್ಠ ನಾಲ್ವರು ಹೊಸ ಆಟಗಾರರು ಜುಲೈ 5ರೊಳಗೆ ಬರಬೇಕು ಅಂತ ಒಪ್ಪಂದವಾಗಿತ್ತು, ಒಬ್ಬರೂ ಬರಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಬಿಯೆಲ್ಸಾ ಹಟಮಾರಿ, ಅದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ನನಗೆ ಅವರದ್ದು ಹುಚ್ಚಾಟ ಅನ್ನಿಸುವುದಿಲ್ಲ, ಮೊದಲ ವಾರವೇ ಮಾತು ತಪ್ಪಿದವರು ಡಿಸೆಂಬರ್‌ನಲ್ಲಿ ಉಳಿಸಿಕೊಳ್ಳುತ್ತಾರಾ ಹೇಳಿ. (ಅವರು ಬಿಟ್ಟುಹೋದ ಕುರ್ಚಿ ಸಿಕ್ಕಿದ್ದು ಸಿಮೋನೆ ಇನ್ಜಾಗಿಗೆ. ಅವರು 2021ರವರೆಗೂ ಅಲ್ಲೇ ಇದ್ದರು.)

ಪೆಪ್ ಗಾರ್ಡಿಯೋಲಾ ವಿಷಯದಲ್ಲಿ ಇದು ತಿರುಗುಮುರುಗು. ಅವರು 2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಬಂದಾಗ ಕ್ಲಬ್‌ನ ಸಿಇಒ ಫೆರಾನ್ ಸೊರಿಯಾನೊ ಮತ್ತು ಆಟಗಾರರ ಖರೀದಿ ನೋಡಿಕೊಳ್ಳುವ ಚಿಕಿ ಬೆಗಿರಿಸ್ತಾಯಿನ್ ಅಲ್ಲಿ ಆಗಲೇ ನಾಲ್ಕು ವರ್ಷದಿಂದ ಕೂತಿದ್ದರು. ಇಬ್ಬರೂ ಬಾರ್ಸಿಲೋನಾ ಕಾಲದ ಹಳೆಯ ಪರಿಚಿತರು. ಇಂಥ ಕಡೆ ಹೋದರೆ ತನಗೆ ಎಂಥ ಆಟ ಬೇಕು ಅಂತ ಮೊದಲಿಂದ ವಿವರಿಸುವ ಪೀಕಲಾಟವೇ ಇರುವುದಿಲ್ಲ, ಅಲ್ವಾ?

ಡೇವಿಡ್ ಮೊಯೆಸ್‌ಗೆ ಈ ಅದೃಷ್ಟ ಇರಲಿಲ್ಲ. 2013ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆರು ವರ್ಷದ ಒಪ್ಪಂದ ಕೊಟ್ಟು ಕರೆಯಿತು, ಹತ್ತು ತಿಂಗಳಿಗೆ ಕಳಿಸಿತು. ದಶಕಗಳ ಕಾಲ ಅಲ್ಲಿ ಕೋಚ್ ಆಗಿದ್ದ ಅಲೆಕ್ಸ್ ಫರ್ಗ್ಯೂಸನ್ ಜಾಗದಲ್ಲಿ ಯಾರು ಕೂತರೂ ಕಷ್ಟವೇ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಎಲ್ಲರೂ ಮರೆಯುವುದು ಇನ್ನೊಂದು. ಅದೇ ಬೇಸಿಗೆಯಲ್ಲಿ ಕ್ಲಬ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಡೇವಿಡ್ ಗಿಲ್ ಕೂಡ ಹೊರಟುಹೋದರು. ಹೊಸ ಕೋಚ್, ಹೊಸ ಆಡಳಿತ, ವಯಸ್ಸಾದ ಡಿಫೆನ್ಸ್, ಎಲ್ಲಾ ಒಟ್ಟಿಗೆ. ಲಿವರ್‌ಪೂಲ್‌ನಲ್ಲಿ ಯರ್ಗನ್ ಕ್ಲಾಪ್ ಆದಮೇಲೆ ಬಂದ ಆರ್ನೆ ಸ್ಲಾಟ್ ಮೊದಲ ವರ್ಷವೇ, 2024–25ರಲ್ಲಿ, ಲೀಗ್ ಗೆದ್ದರು. ಅಲ್ಲಿ ಕೋಚ್ ಬರುವ ಮೊದಲೇ ಫುಟ್‌ಬಾಲ್ ವ್ಯವಹಾರ ನೋಡಿಕೊಳ್ಳಲು ಮೈಕಲ್ ಎಡ್ವರ್ಡ್ಸ್, ಸ್ಪೋರ್ಟಿಂಗ್ ಡೈರೆಕ್ಟರ್ ಆಗಿ ರಿಚರ್ಡ್ ಹ್ಯೂಸ್ ಅವರನ್ನು ಕರೆತಂದು ಮೇಲಿನ ವ್ಯವಸ್ಥೆ ಸರಿಮಾಡಿಕೊಂಡಿದ್ದರು, ತಂಡವೂ ಗಟ್ಟಿಯಾಗಿತ್ತು.

ಇನ್ನು ಇದ್ದಲ್ಲೇ ಇರುವವರ ವಿಷಯ. 2024ರ ಆರಂಭದಲ್ಲಿ ಕ್ಸಾಬಿ ಅಲೊನ್ಸೊ ಹೆಸರು ಲಿವರ್‌ಪೂಲ್‌ಗೂ ಬಯರ್ನ್ ಮ್ಯೂನಿಕ್‌ಗೂ ಕೇಳಿಬರುತ್ತಿತ್ತು. ಎರಡೂ ಅವರು ಆಡಿದ್ದ ಕ್ಲಬ್‌ಗಳು. ಮಾರ್ಚ್ ಕೊನೆಯಲ್ಲಿ ಅವರು ತಾವು ಕೋಚ್ ಆಗಿದ್ದ ಜರ್ಮನಿಯ ಲೆವರ್ಕುಸೆನ್ ಕ್ಲಬ್ ಬಿಡುವುದಿಲ್ಲ ಅಂದರು. 2022ರ ಅಕ್ಟೋಬರ್‌ನಲ್ಲಿ ಅವರು ಬಂದಾಗ ಆ ತಂಡ ಹದಿನೆಂಟರಲ್ಲಿ ಹದಿನೇಳನೇ ಸ್ಥಾನದಲ್ಲಿತ್ತು, ಅಲ್ಲಿಂದ ಒಂದೂವರೆ ವರ್ಷದಲ್ಲಿ ಜರ್ಮನಿಯ ಲೀಗ್ ಆದ ಬುಂಡೆಸ್‌ಲಿಗಾವನ್ನು, ಆ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ, ಗೆದ್ದಿತು. ತಾನಿನ್ನೂ ಹೊಸ ಕೋಚ್, ಬೆಳೆಯಲು ಇದೇ ಸರಿಯಾದ ಜಾಗ ಅನ್ನುವ ಅರ್ಥದಲ್ಲಿ ಅವರು ಮಾತಾಡಿದ್ದರು. ಇದನ್ನು ಬರೀ ನಿಷ್ಠೆ ಅಂತ ಹಾಡಿ ಹೊಗಳಿದವರು ಜಾಸ್ತಿ. ನನಗೆ ಕಾಣುವುದು ಲೆಕ್ಕಾಚಾರ. ಇದ್ದಲ್ಲಿ ಮಾತು ನಡೆಯುತ್ತಿದೆ, ಮುಂದಿನ ವರ್ಷ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್ ಇದೆ, ದೊಡ್ಡ ಬಾಗಿಲು ಇನ್ನೊಮ್ಮೆ ತೆರೆಯದೇ ಇರುವಷ್ಟು ಸಣ್ಣ ಹೆಸರೂ ಅಲ್ಲ. 2025ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು.

ಉನಾಯ್ ಎಮೆರಿ ಕೂಡ ಹೀಗೇ. 2021ರ ನವೆಂಬರ್‌ನಲ್ಲಿ ಹೊಸ ಮಾಲೀಕರು ಬಂದು ದುಡ್ಡು ತುಂಬಿದ್ದ ನ್ಯೂಕ್ಯಾಸಲ್‌ಗೆ ಬೇಡ ಅಂದರು. ಸ್ಪೇನ್‌ನ ವಿಲ್ಲಾರಿಯಲ್‌ನಲ್ಲೇ ಉಳಿದು, ಬಯರ್ನ್ ತಂಡವನ್ನು ಹೊರಹಾಕಿ, ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿದರು. ಒಂದು ವರ್ಷದ ಮೇಲೆ ಆಸ್ಟನ್ ವಿಲ್ಲಾ ಒಪ್ಪಿಕೊಂಡರು. ಅಲ್ಲಿಗೆ 2023ರಲ್ಲಿ ಯಾರು ಬಂದರು ಗೊತ್ತಾ? ಸೆವಿಯ್ಯಾ ಕ್ಲಬ್‌ನಲ್ಲಿ ಸ್ಪೋರ್ಟಿಂಗ್ ಡೈರೆಕ್ಟರ್ ಆಗಿ ಅವರ ಜೊತೆ ಕೆಲಸ ಮಾಡಿದ್ದ ಮೊಂಚಿ.

ಒಪ್ಪಂದ ಎಷ್ಟು ವರ್ಷದ್ದು ಅನ್ನುವುದನ್ನೂ ನೋಡುತ್ತಾರೆ, ಆದರೆ ಅಷ್ಟು ವರ್ಷ ಇರುತ್ತೇವೆ ಅನ್ನುವ ಭ್ರಮೆಯಿಂದಲ್ಲ. ಗ್ರಹಾಂ ಪಾಟರ್‌ಗೆ ಚೆಲ್ಸಿ 2022ರಲ್ಲಿ ಐದು ವರ್ಷದ ಒಪ್ಪಂದ ಕೊಟ್ಟು ಏಳು ತಿಂಗಳು ತುಂಬುವ ಮೊದಲೇ ತೆಗೆದಿತ್ತು. ಉದ್ದದ ಒಪ್ಪಂದ ಅಂದರೆ ಮಧ್ಯದಲ್ಲಿ ತೆಗೆದರೆ ಸಿಗುವ ಪರಿಹಾರ ದೊಡ್ಡದು, ಅಷ್ಟೇ. ತನ್ನ ಸಹಾಯಕರು, ಫಿಟ್‌ನೆಸ್ ಕೋಚ್, ವಿಡಿಯೊ ನೋಡುವವರು, ಇವರನ್ನೆಲ್ಲಾ ಕರೆದುಕೊಂಡು ಬರಬಹುದಾ ಅನ್ನುವುದರ ಮೇಲೂ ಮಾತುಕತೆ ಮುರಿದು ಬೀಳುವುದುಂಟು. ಮತ್ತೆ, ಪೇಪರ್‌ನಲ್ಲಿ ಬರುವ ಎರಡು ಆಫರ್‌ಗಳಲ್ಲಿ ಒಂದು ಸುಮ್ನೆ ಏಜೆಂಟ್ ಹಬ್ಬಿಸಿದ್ದೂ ಆಗಿರಬಹುದು, ಈಗಿರುವ ಕ್ಲಬ್‌ನಿಂದ ಸಂಬಳ ಏರಿಸಿಕೊಳ್ಳಲು.

ಕೊನೆಗೆ ಯಾವಾಗ ಹೂಂ ಅನ್ನುವುದು. ಹುಲೆನ್ ಲೊಪೆತೆಗಿ 2018ರಲ್ಲಿ ಸ್ಪೇನ್ ಕೋಚ್ ಆಗಿದ್ದಾಗಲೇ ರಿಯಲ್ ಮ್ಯಾಡ್ರಿಡ್‌ಗೆ ಒಪ್ಪಿಕೊಂಡರು. ಸುದ್ದಿ ಹೊರಬಿದ್ದ ಮರುದಿನ, ವಿಶ್ವಕಪ್‌ನಲ್ಲಿ ತನ್ನ ಮೊದಲ ಪಂದ್ಯಕ್ಕೆ ಎರಡೇ ದಿನ ಇರುವಾಗ, ಸ್ಪೇನ್ ಅವರನ್ನು ಮನೆಗೆ ಕಳಿಸಿತು. ಅಕ್ಟೋಬರ್‌ನಲ್ಲಿ ಬಾರ್ಸಿಲೋನಾ ಎದುರು 5–1ರಲ್ಲಿ ಸೋತ ಮರುದಿನ ಮ್ಯಾಡ್ರಿಡ್ ಕೂಡ ತೆಗೆಯಿತು. ಸುದ್ದಿಯನ್ನು ವಿಶ್ವಕಪ್ ಮುಗಿಯುವವರೆಗೆ ಹಿಡಿದಿಟ್ಟುಕೊಂಡಿದ್ದರೆ ಎರಡರಲ್ಲಿ ಒಂದಾದರೂ ಕೈಯಲ್ಲಿ ಉಳಿಯುತ್ತಿತ್ತೇನೋ.